ಅಂಗೈಯಲ್ಲಿಯ ದ್ಯೂತ

ಕಳೆದ ದಶಲಕ್ಷಣ ಪರ್ವಕ್ಕೆ ಮುನ್ನ ನಮ್ಮ ಊರಿನ ಬಸದಿಯ ಆಡಳಿತ ಮಂಡಳಿಯ ಸಭೆಯಲ್ಲಿ ನಾನೊಂದು ಸಣ್ಣ ಠರಾವನ್ನು ಮಂಡಿಸಿದೆ. ಪರ್ವದ ಹತ್ತು ದಿನಗಳಲ್ಲಿ ಅಭಿಷೇಕ, ಪ್ರವಚನ ಹಾಗೂ ಸಾಮಾಯಿಕದ ಹೊತ್ತಿನಲ್ಲಿ ಶ್ರಾವಕ-ಶ್ರಾವಿಕೆಯರು ಪಾದರಕ್ಷೆಯನ್ನು ಹೊರಗೆ ಬಿಡುವಂತೆಯೇ ಮೊಬೈಲನ್ನೂ ಹೊರಗಿನ ಪಡಸಾಲೆಯಲ್ಲಿ ಬಿಟ್ಟು ಒಳಬರಬೇಕು ಎಂಬುದಷ್ಟೇ ಅದರ ಸಾರ. ಠರಾವು ಬಿದ್ದುಹೋಯಿತು. ಸಭೆಯ ಬಹುಮತಕ್ಕೆ ತಲೆಬಾಗುವುದು ಸದಸ್ಯನಾದವನ ಕರ್ತವ್ಯ. ಅದರ ಬಗೆಗೆ ನನ್ನ ತಕರಾರಿಲ್ಲ. ಆದರೆ ಅದನ್ನು ಬೀಳಿಸಲು ಅಂದು ಮುಂದಿಟ್ಟ ಮೂರು ವಾದಗಳನ್ನು ಉತ್ತರಿಸದೆ ಬಿಡುವುದು ನನ್ನಿಂದಾಗದು. ಏಕೆಂದರೆ ಇವೇ ವಾದಗಳು ಇಂದು ನಮ್ಮ ಸಮಾಜದ ಮನೆಮನೆಗಳಲ್ಲಿಯೂ ಕೇಳಿಬರುತ್ತಿವೆ.

ಮೊದಲನೆಯದು ವಿದ್ಯಾವಂತ ಯುವ ಸದಸ್ಯರೊಬ್ಬರ ವಾದ. ಮದ್ಯ, ತಂಬಾಕುಗಳಂತೆ ಯಾವ ಪದಾರ್ಥವೂ ದೇಹವನ್ನು ಸೇರದಿರುವಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್‌ಗಳ ಬಳಕೆಯನ್ನು ವ್ಯಸನವೆನ್ನುವುದು ಅತಿಶಯೋಕ್ತಿ. ಅದು ಬರಿಯ ಅಭ್ಯಾಸ ಎಂದರು ಅವರು. ಎರಡನೆಯದು ಹಿರಿಯರೊಬ್ಬರದು: ಇದು ಮಕ್ಕಳ ಪಿಡುಗು, ದೊಡ್ಡವರಾದ ನಾವು ಧರ್ಮಕಾರ್ಯಕ್ಕಾಗಿಯೇ ಬಳಸುತ್ತೇವೆ. ಮೂರನೆಯದು ಲೆಕ್ಕಪತ್ರ ನೋಡಿಕೊಳ್ಳುವವರದು: ಲೋಕವೆಲ್ಲ ಬಳಸುತ್ತಿರುವುದನ್ನು ನಾವು ಬೇಡವೆಂದರೆ ಜನ ಬಸದಿಗೆ ಬರುವುದನ್ನೇ ಬಿಟ್ಟಾರು. ಈ ಮೂರೂ ವಾದಗಳು ಹುರುಳಿಲ್ಲದವು ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ಅದಕ್ಕೆ ಮೊದಲು ನನ್ನದೇ ದೋಷವನ್ನು ಒಪ್ಪಿಕೊಳ್ಳಬೇಕು. ಆಲೋಚನೆಯಿಲ್ಲದೆ ಅನ್ಯರನ್ನು ನಿಂದಿಸುವುದು ಶ್ರಾವಕನಿಗೆ ಒಪ್ಪುವುದಿಲ್ಲ. ಅದೇ ಪರ್ವದಲ್ಲಿ ಉತ್ತಮ ತ್ಯಾಗ ಧರ್ಮದ ದಿನ ನಾನು ಉಪವಾಸವಿದ್ದೆ. ಸಂಜೆ ಮನೆಯಲ್ಲಿ ಸಾಮಾಯಿಕಕ್ಕೆ ಕುಳಿತಾಗ ಮೊಬೈಲು ಪಕ್ಕದ ಮಣೆಯ ಮೇಲಿತ್ತು. ಒಂದು ಮುಹೂರ್ತ, ಎಂದರೆ 48 ನಿಮಿಷ, ಮುಗಿಯುವುದರೊಳಗೆ ನನ್ನ ಕೈ ಮೂರು ಸಲ ಅದರತ್ತ ಹೋಯಿತು. ಕರೆ ಬಂದಿರಲಿಲ್ಲ, ತುರ್ತು ಕೆಲಸವಿರಲಿಲ್ಲ. ಬೆಳಿಗ್ಗೆ ನಾನು ಹಾಕಿದ್ದ ಅಭಿಷೇಕದ ಚಿತ್ರಕ್ಕೆ ಎಷ್ಟು ಮಂದಿ ಮೆಚ್ಚುಗೆ ಒತ್ತಿದ್ದಾರೆಂದು ನೋಡುವ ಚಪಲವೊಂದೇ ಇತ್ತು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ನೋಡಿ ಕೇಳಿದಳು: "ಅಜ್ಜಾ, ಊಟ ಬಿಟ್ಟಿರಿ, ಮೊಬೈಲು ಯಾಕೆ ಬಿಡಲಿಲ್ಲ?" ಠರಾವು ಮಂಡಿಸಿದವನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಹಸಿವನ್ನು ಇಡೀ ದಿನ ಗೆದ್ದವನಿಗೆ ಅಂಗೈಯಗಲದ ಗಾಜನ್ನು ಎರಡು ಘಳಿಗೆ ಗೆಲ್ಲಲಾಗಲಿಲ್ಲವೆಂದರೆ, ಅದನ್ನು ಬರಿಯ ಅಭ್ಯಾಸವೆಂದು ಹೇಗೆ ಕರೆಯಲಿ?

ಈಗ ಮೊದಲನೆಯ ವಾದಕ್ಕೆ ಬರೋಣ. ಪದಾರ್ಥವಿಲ್ಲದೆ ವ್ಯಸನವಿಲ್ಲ ಎಂಬುದು ಆಧುನಿಕ ತಿಳಿವಳಿಕೆಯಂತೆ ಕಂಡರೂ ವಾಸ್ತವದಲ್ಲಿ ನಮ್ಮ ಆಚಾರ್ಯರ ತಿಳಿವಳಿಕೆಗಿಂತ ಹಿಂದುಳಿದದ್ದು. ಬಾಲ್ಯದಿಂದಲೂ ನಾವು ಬಾಯಿಪಾಠವಾಗಿ ಬಲ್ಲ ಸಪ್ತವ್ಯಸನಗಳನ್ನು ಒಮ್ಮೆ ನೆನೆಯೋಣ: ದ್ಯೂತ, ಮಾಂಸ, ಮದ್ಯ, ವೇಶ್ಯಾಸೇವನೆ, ಬೇಟೆ, ಚೌರ್ಯ, ಪರಸ್ತ್ರೀಸೇವನೆ. ಈ ಏಳರಲ್ಲಿ ಬಾಯಿಯ ಮೂಲಕ ದೇಹವನ್ನು ಸೇರುವ ಪದಾರ್ಥಗಳು ಎರಡೇ. ಉಳಿದ ಐದೂ ಕ್ರಿಯೆಗಳು. ಪಟ್ಟಿಯ ಮೊದಲಿಗೆ ಮದ್ಯವನ್ನಿಡದೆ ದ್ಯೂತವನ್ನಿಟ್ಟಿರುವುದನ್ನು ಗಮನಿಸಬೇಕು. ರಾಷ್ಟ್ರಕೂಟರ ಕಾಲದ ಸೋಮದೇವಸೂರಿಗಳು ತಮ್ಮ ನೀತಿವಾಕ್ಯಾಮೃತದಲ್ಲಿ ವ್ಯಸನವನ್ನು ವಿವರಿಸುವಾಗ, ಮನುಷ್ಯನನ್ನು ಶ್ರೇಯಸ್ಸಿನಿಂದ ವಿಮುಖಗೊಳಿಸುವುದೇ ವ್ಯಸನ ಎಂಬರ್ಥದ ಮಾತನ್ನು ಹೇಳುತ್ತಾರೆ. ಒಳಗೆ ಹೋದದ್ದು ಏನು ಎಂಬುದು ಅವರ ಪ್ರಶ್ನೆಯಲ್ಲ. ಮನುಷ್ಯ ಎತ್ತ ತಿರುಗಿದ ಎಂಬುದೇ ಪ್ರಶ್ನೆ.

ದ್ಯೂತವ್ಯಸನಕ್ಕೆ ನಮ್ಮ ಪರಂಪರೆ ಕೊಡುವ ನಿದರ್ಶನ ಯುಧಿಷ್ಠಿರನದು. ಅವನು ಕುಡುಕನಲ್ಲ, ಕಳ್ಳನಲ್ಲ. ಲೋಕವೇ ಧರ್ಮರಾಯನೆಂದು ಕರೆದ ವ್ಯಕ್ತಿ. ವ್ಯಾಸಭಾರತದ ಕಥೆಯಲ್ಲಿ ಅವನು ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಪತ್ನಿಯನ್ನೂ ಸೋತ ಮೇಲೆ ಎಲ್ಲವೂ ಮರಳಿ ದೊರೆಯುತ್ತದೆ. ಇಷ್ಟಾದರೂ ಮತ್ತೆ ಕರೆ ಬಂದಾಗ ಅವನು ಹಿಂದಿರುಗಿ ಅದೇ ಹಾಸಿನ ಮುಂದೆ ಕುಳಿತುಕೊಳ್ಳುತ್ತಾನೆ. ಮೊದಲ ಸೋಲನ್ನು ತಿಳಿಗೇಡಿತನವೆನ್ನಬಹುದು. ಎರಡನೆಯ ಸಲ ಹೋಗಿ ಕುಳಿತದ್ದಕ್ಕೆ ವ್ಯಸನವಲ್ಲದೆ ಬೇರೆ ಹೆಸರಿಲ್ಲ. ಕೇಡೆಂದು ತಿಳಿದೂ, ಕೇಡನ್ನು ಅನುಭವಿಸಿಯೂ, ಮರಳಿ ಅಲ್ಲಿಗೇ ಹೋಗುವುದು ಅದರ ಲಕ್ಷಣ.

ವೈದ್ಯವಿಜ್ಞಾನವು ಈ ಮಾತಿಗೆ ಬಹಳ ತಡವಾಗಿ ಬಂದು ಸೇರಿತು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಜೂಜಿನ ಕಾಯಿಲೆಯನ್ನು ಮದ್ಯ ಮತ್ತು ಮಾದಕ ಪದಾರ್ಥಗಳ ವ್ಯಸನಗಳ ಅಧ್ಯಾಯಕ್ಕೇ ತಂದು ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಜೂಜಿನ ಜೊತೆಗೆ ವಿಡಿಯೋ ಆಟಗಳ ಕಾಯಿಲೆಯೂ ವ್ಯಸನಕಾರಕ ವರ್ತನೆಗಳ ಸಾಲಿನಲ್ಲಿ ಸ್ಥಾನ ಪಡೆಯಿತು. ಪದಾರ್ಥವಿಲ್ಲದ ವ್ಯಸನವುಂಟೆಂಬುದು ಈಗ ಶ್ರಾವಕಾಚಾರದ ಮಾತಷ್ಟೇ ಅಲ್ಲ, ಆಸ್ಪತ್ರೆಯ ಮಾತೂ ಹೌದು.

ಇಲ್ಲಿ ಪ್ರಾಮಾಣಿಕನಾಗಿ ಒಂದು ಮಾತನ್ನು ಹೇಳಬೇಕು. ಈ ಎರಡು ಗ್ರಂಥಗಳಲ್ಲಿಯೂ ಸಾಮಾಜಿಕ ಜಾಲತಾಣಗಳ ಬಳಕೆಯು ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ. ಸಾಮಾನ್ಯ ಬಳಕೆಗೆ ರೋಗದ ಪಟ್ಟವನ್ನು ಕಟ್ಟಬಾರದೆಂದು ಎಚ್ಚರಿಸುವ ವಿದ್ವಾಂಸರೂ ಇದ್ದಾರೆ. ಅವರ ಎಚ್ಚರಿಕೆ ನ್ಯಾಯವಾದದ್ದೇ. ಆದರೆ ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಬಾಧೆ ಇಲ್ಲವೆಂದಾಗದು. ಜೂಜು ಪಟ್ಟಿಗೆ ಸೇರುವ ಮೊದಲೂ ಮನೆಗಳನ್ನು ಮುರಿಯುತ್ತಲೇ ಇತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಬಾಧೆಯೇ ಇಲ್ಲದಿದ್ದರೆ ಅಂಥದೊಂದು ಬಾಗಿಲನ್ನು ತೆರೆಯಬೇಕಾಗಿರಲಿಲ್ಲ. ವಿಡಿಯೋ ಆಟದ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಲಕ್ಷಣಗಳು ಮೂರು: ಬಳಕೆಯ ಮೇಲಿನ ಹಿಡಿತ ತಪ್ಪುವುದು, ಬದುಕಿನ ಇತರ ಕಾರ್ಯಗಳಿಗಿಂತ ಅದಕ್ಕೇ ಹೆಚ್ಚಿನ ಪ್ರಾಶಸ್ತ್ಯ ದೊರೆಯುವುದು, ಹಾನಿಯಾಗುತ್ತಿದ್ದರೂ ಮುಂದುವರಿಯುವುದು. ಈ ಸ್ಥಿತಿ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡುಬಂದಿರಬೇಕೆಂಬುದು ನಿಯಮ. ಆಟದ ಜಾಗದಲ್ಲಿ ಜಾಲತಾಣವನ್ನಿಟ್ಟು ಈ ಮೂರನ್ನೂ ಪ್ರತಿಯೊಬ್ಬರೂ ತಮ್ಮ ಮನೆಯೊಳಗೆ ಅನ್ವಯಿಸಿ ನೋಡಿಕೊಳ್ಳಲಿ.

ಕೆಲವರು ಇದನ್ನು ಎಂಟನೆಯ ವ್ಯಸನವೆಂದು ಕರೆಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಇದು ಎಂಟನೆಯದಲ್ಲ, ಮೊದಲನೆಯದೇ ರೂಪ ಬದಲಿಸಿಕೊಂಡು ಬಂದಿದೆ. ಇದು ಅಲಂಕಾರದ ಮಾತಲ್ಲ; ಅದರ ರಚನೆಯನ್ನು ನೋಡಿದರೆ ತಿಳಿಯುತ್ತದೆ.

ಕಳೆದ ಶತಮಾನದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. ಜೀವಿಗಳನ್ನು ಪಂಜರದಲ್ಲಿಡುವ ಆ ವಿಧಾನವನ್ನು ನಾವು ಮೆಚ್ಚಲಾರೆವು. ಆದರೆ ಅದು ತೋರಿಸಿಕೊಟ್ಟ ಸಂಗತಿ ನಮಗೆ ಪಾಠವಾಗಬೇಕು. ಗುಂಡಿಯನ್ನು ಕುಕ್ಕಿದಾಗ ಇಷ್ಟನೆಯ ಸಲಕ್ಕೆ ಕಾಳು ಬೀಳುತ್ತದೆಂದು ನಿಶ್ಚಯವಿದ್ದರೆ ಹಕ್ಕಿ ಕಾಳು ಪಡೆದ ಮೇಲೆ ಸ್ವಲ್ಪ ಬಿಡುವು ಕೊಡುತ್ತದೆ. ಯಾವ ಸಲಕ್ಕೆ ಬೀಳುವುದೋ ತಿಳಿಯದಂತೆ ಮಾಡಿದರೆ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಕಾಳು ನಿಂತ ಮೇಲೂ ಬಹುಕಾಲ ಬಿಡುವುದಿಲ್ಲ. ಜೂಜಿನ ಬಲವಿರುವುದು ಇಲ್ಲಿಯೇ. ಪ್ರತಿ ಆಟದಲ್ಲಿಯೂ ಗೆಲ್ಲುವವನಿಗಾಗಲಿ ಪ್ರತಿ ಆಟದಲ್ಲಿಯೂ ಸೋಲುವವನಿಗಾಗಲಿ ಜೂಜು ಹತ್ತುವುದಿಲ್ಲ. ಯಾವಾಗ ಗೆಲ್ಲುವೆನೋ ಎಂದು ತಿಳಿಯದವನನ್ನು ಅದು ಹಿಡಿಯುತ್ತದೆ. ಮೊಬೈಲಿನ ಪರದೆಯನ್ನು ಬೆರಳಿನಿಂದ ಕೆಳಗೆಳೆದು ಹೊಸದೇನು ಬಂದಿದೆಯೆಂದು ನೋಡುವ ಕ್ರಿಯೆ ದಾಳ ಉರುಳಿಸುವ ಕ್ರಿಯೆಗೆ ಸಮಾನವಾದದ್ದು. ಹತ್ತು ಸಲದಲ್ಲಿ ಒಂಬತ್ತು ಸಲ ಏನೂ ಇರುವುದಿಲ್ಲ. ಹತ್ತನೆಯ ಸಲ ಯಾರದೋ ಮೆಚ್ಚುಗೆ, ಯಾವುದೋ ವಿನೋದ, ಯಾರದೋ ಅಪವಾದ. ಆ ಹತ್ತನೆಯದಕ್ಕಾಗಿ ಬೆರಳು ದಿನವಿಡೀ ದಾಳ ಉರುಳಿಸುತ್ತದೆ.

ಈ ರಚನೆ ಆಕಸ್ಮಿಕವಾಗಿ ಹುಟ್ಟಿದ್ದಲ್ಲ. ಪುಟದ ಕೊನೆಯೆಂಬುದೇ ಇಲ್ಲದಂತೆ ಸಾಮಗ್ರಿ ಸುರಿಯುತ್ತಲೇ ಇರುವ ವಿಧಾನವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಫೇಸ್‌ಬುಕ್ ತನ್ನ ಮೆಚ್ಚುಗೆಯ ಗುಂಡಿಯನ್ನು 2009ರಲ್ಲಿ ತಂದಿತು. ಅದೇ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದ ಶಾನ್ ಪಾರ್ಕರ್ 2017ರ ನವೆಂಬರ್‌ನಲ್ಲಿ, ಬಳಕೆದಾರರ ಸಮಯವನ್ನೂ ಗಮನವನ್ನೂ ಆದಷ್ಟು ಹೆಚ್ಚು ಸೆಳೆದುಕೊಳ್ಳುವುದು ಹೇಗೆಂಬುದೇ ತಮ್ಮ ಆರಂಭದ ಆಲೋಚನೆಯಾಗಿತ್ತೆಂದೂ, ಮನುಷ್ಯ ಮನಸ್ಸಿನ ಒಂದು ದೌರ್ಬಲ್ಯವನ್ನು ತಾವು ತಿಳಿದೇ ಬಳಸಿಕೊಂಡೆವೆಂದೂ ಸಾರ್ವಜನಿಕವಾಗಿ ಒಪ್ಪಿಕೊಂಡರು. ಜೂಜುಕಟ್ಟೆಯ ಒಡೆಯನೇ ದಾಳ ತಿದ್ದಿದ್ದೇನೆಂದು ಹೇಳುತ್ತಿರುವಾಗ, ಆಡುವವರಾದ ನಾವು ಇದು ಜೂಜೇ ಅಲ್ಲವೆಂದು ವಾದಿಸುವುದು ಎಂಥ ವಿಪರ್ಯಾಸ!

ಜೂಜಿನಲ್ಲಿ ಪಣ ಹಣ. ಇಲ್ಲಿ ಹಣವಿಲ್ಲ; ಎಲ್ಲವೂ ಉಚಿತ. ಹಾಗಾದರೆ ಪಣವೇನು? ಆಯುಷ್ಯ. ದುರ್ಲಭವಾದ ಮನುಷ್ಯಜನ್ಮದ ಘಳಿಗೆಗಳನ್ನೇ ನಾವು ಪಣವಾಗಿ ಒಡ್ಡುತ್ತಿದ್ದೇವೆ. ಆ ಘಳಿಗೆಗಳನ್ನು ಸಂಸ್ಥೆಗಳು ಜಾಹೀರಾತುದಾರರಿಗೆ ಮಾರುತ್ತವೆ. ಅವುಗಳ ಆದಾಯದ ಬಹುಪಾಲು ಬರುವುದು ಅಲ್ಲಿಂದಲೇ. ಸೋತ ಹಣವನ್ನು ಮತ್ತೆ ಗಳಿಸಬಹುದು, ಸೋತ ಘಳಿಗೆ ಮರಳಿ ಬಾರದು. ಈ ದೃಷ್ಟಿಯಿಂದ ಇದು ಹಳೆಯ ದ್ಯೂತಕ್ಕಿಂತ ಹೀನವಾದ ವ್ಯಾಪಾರ.

ಹಾಗೆಂದು ಮೊಬೈಲು ಹಿಡಿದವರೆಲ್ಲ ವ್ಯಸನಿಗಳೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಏಕಾಂತವಾದವಾದೀತು; ಅನೇಕಾಂತದ ಅನುಯಾಯಿಗಳಾದ ನಮಗೆ ಅದು ತಕ್ಕದ್ದಲ್ಲ. ಅಂಗಡಿಯ ವ್ಯಾಪಾರಿ ದಿನಕ್ಕೆ ಆರು ಗಂಟೆ ವಾಟ್ಸಾಪ್‌ನಲ್ಲಿ ಬೇಡಿಕೆಗಳನ್ನು ಬರೆದುಕೊಳ್ಳಬಹುದು, ರಾತ್ರಿ ಅಂಗಡಿ ಮುಚ್ಚಿದಾಗ ಅದನ್ನೂ ಮುಚ್ಚಬಹುದು. ಅವನದು ಉದ್ಯೋಗ. ಇನ್ನೊಬ್ಬರು ದಿನಕ್ಕೆ ಒಂದೇ ಗಂಟೆ ನೋಡಬಹುದು. ಆದರೆ ಉಳಿದ ಗಂಟೆಗಳೆಲ್ಲ ಆ ಒಂದು ಗಂಟೆಯ ನೆನಪಿನಲ್ಲಿ, ನಿರೀಕ್ಷೆಯಲ್ಲಿ, ಅಸೂಯೆಯಲ್ಲಿ ಬೇಯಬಹುದು. ಅವರದು ಆರ್ತಧ್ಯಾನ. ಆದ್ದರಿಂದ ಗಡಿಯಾರವೊಂದೇ ಅಳತೆಗೋಲಲ್ಲ. ಪರಿಗ್ರಹವೆಂದರೆ ವಸ್ತುವಿನ ಗಾತ್ರವಲ್ಲ, ಅದರಲ್ಲಿಯ ಮೂರ್ಛೆ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರ್ಣಯಿಸಿದ್ದಾರೆ. ಇಲ್ಲಿಯೂ ಅದೇ ನಿರ್ಣಯ ಸಲ್ಲುತ್ತದೆ. ಮೂರ್ಛೆಯನ್ನು ಪರೀಕ್ಷಿಸುವ ಉಪಕರಣ ನಮ್ಮಲ್ಲಿಯೇ ಇದೆ: ಸಾಮಾಯಿಕದ ಒಂದು ಮುಹೂರ್ತ. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು 48 ನಿಮಿಷ ಕುಳಿತುಕೊಳ್ಳಿ. ಚಡಪಡಿಕೆ ಹುಟ್ಟಿತೇ, ಏನೋ ತಪ್ಪಿಹೋಗುತ್ತಿದೆ ಎನಿಸಿತೇ, ನೆಪವೊಂದನ್ನು ಹುಡುಕಿ ಎದ್ದಿರಾ? ಎದ್ದಿದ್ದರೆ ಆ ವಿಷಯವನ್ನು ಯಾರಿಗೂ ಹೇಳಬೇಕಾಗಿಲ್ಲ, ನಿಮಗೆ ನೀವು ಹೇಳಿಕೊಂಡರೆ ಸಾಕು.

ಎರಡನೆಯ ವಾದ ಇನ್ನೂ ಅಪಾಯಕಾರಿ, ಏಕೆಂದರೆ ಅದು ಧರ್ಮದ ಉಡುಪು ತೊಟ್ಟಿದೆ. ದೊಡ್ಡವರು ಧರ್ಮಕ್ಕಾಗಿ ಬಳಸುತ್ತಾರೆ ಎನ್ನುವುದರಲ್ಲಿ ಸತ್ಯಾಂಶವಿದೆ. 2020ರ ಮಹಾಮಾರಿಯ ದಿನಗಳಲ್ಲಿ ಬಸದಿಗಳು ಮುಚ್ಚಿದ್ದಾಗ ಮುನಿಗಳ ಪ್ರವಚನವನ್ನು ಮನೆಗಳಿಗೆ ತಲುಪಿಸಿದ್ದು ಇದೇ ಸಾಧನ. ದೂರದೇಶದಲ್ಲಿರುವ ಮಕ್ಕಳ ಮುಖವನ್ನು ವೃದ್ಧ ತಾಯಂದಿರಿಗೆ ತೋರಿಸುವುದೂ ಇದೇ. ಈ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ನಮ್ಮ ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ಒಂದು ದಿನದಲ್ಲಿ ಹರಿಯುವುದನ್ನು ಎದುರಿಗಿಟ್ಟುಕೊಂಡು ಅನರ್ಥದಂಡದ ಐದು ಭೇದಗಳೊಡನೆ ಹೋಲಿಸಿ ನೋಡೋಣ. ಅನ್ಯರನ್ನು ಪಾಪಕಾರ್ಯಕ್ಕೆ ಪ್ರೇರಿಸುವುದು ಪಾಪೋಪದೇಶ. ಹಿಂಸೆಯ ಸಾಧನಗಳನ್ನು ಒದಗಿಸುವುದು ಹಿಂಸಾದಾನ. ಅನ್ಯರ ಕೇಡನ್ನು ಚಿಂತಿಸುವುದು ಅಪಧ್ಯಾನ. ಮನಸ್ಸನ್ನು ಕಲುಷಿತಗೊಳಿಸುವುದನ್ನು ಕೇಳುವುದು ದುಃಶ್ರುತಿ. ಪ್ರಯೋಜನವಿಲ್ಲದ ಚಟುವಟಿಕೆ ಪ್ರಮಾದಚರ್ಯೆ. ಪರಿಶೀಲಿಸದೆ ಮುಂದೆ ಕಳುಹಿಸುವ ಅಪವಾದ, ಪಂಥಪಂಥಗಳ ನಡುವಿನ ಕೆಸರೆರಚಾಟ, ಮತ್ತೊಬ್ಬರ ಮನೆಯ ಮದುವೆಯ ಚಿತ್ರ ನೋಡಿ ಹುಟ್ಟುವ ಮತ್ಸರ, ನಡುರಾತ್ರಿಯವರೆಗೆ ಉರುಳುವ ಗೊತ್ತುಗುರಿಯಿಲ್ಲದ ದೃಶ್ಯಗಳು: ಇವು ಐದರಲ್ಲಿ ಯಾವುದಕ್ಕೆ ಸೇರುತ್ತವೆಂದು ಓದುಗರೇ ನಿರ್ಧರಿಸಲಿ. ಸೂರ್ಯಾಸ್ತದೊಳಗೆ ಊಟ ಮುಗಿಸಿ ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಗಳಲ್ಲಿಯೇ ಕಣ್ಣುಗಳು ಹನ್ನೆರಡು ಗಂಟೆಯವರೆಗೆ ಉಣ್ಣುತ್ತಿವೆ.

ಕ್ಷಮಾವಾಣಿಯ ದಿನದ ಸಂಗತಿಯನ್ನು ಹೇಳದೆ ಇರಲಾರೆ. ವರ್ಷದಲ್ಲಿ ಒಂದು ದಿನ, ನೋಯಿಸಿದವರ ಮನೆಯ ಮೆಟ್ಟಿಲು ಹತ್ತಿ ಕೈಮುಗಿದು ಕ್ಷಮೆ ಯಾಚಿಸುವ ಪದ್ಧತಿ ನಮ್ಮದು. ಆ ಮೆಟ್ಟಿಲು ಹತ್ತುವಾಗ ಕಾಲು ಭಾರವಾಗುತ್ತಿತ್ತು. ಆ ಭಾರವೇ ಅಹಂಕಾರದ ನಿರ್ಜರೆಗೆ ದಾರಿಯಾಗುತ್ತಿತ್ತು. ಈಗ ಹೂವಿನ ಚಿತ್ರದ ಮೇಲೆ ಅಚ್ಚಾದ ಕ್ಷಮಾಯಾಚನೆಯೊಂದನ್ನು ಬೆರಳ ತುದಿಯಿಂದ ಇನ್ನೂರು ಜನರಿಗೆ ಒಮ್ಮೆಗೇ ಕಳುಹಿಸುತ್ತೇವೆ. ಪಕ್ಕದ ಬೀದಿಯಲ್ಲಿರುವ, ಆಸ್ತಿಯ ವಿಚಾರದಲ್ಲಿ ಮಾತುಬಿಟ್ಟ ಸೋದರನಿಗೂ ಅದೇ ಚಿತ್ರ. ಅವನೂ ಅಂಥದೇ ಒಂದನ್ನು ಹಿಂದಿರುಗಿಸುತ್ತಾನೆ. ಇಬ್ಬರ ಲೆಕ್ಕವೂ ಚುಕ್ತಾ; ಇಬ್ಬರ ಕಷಾಯವೂ ಹಾಗೆಯೇ. ನನ್ನ ಮಟ್ಟಿಗೆ ಹೇಳುವುದಾದರೆ, ಅಭಿಷೇಕದ ಚಿತ್ರ ಹಾಕಿ ಮೆಚ್ಚುಗೆ ಎಣಿಸುತ್ತಿದ್ದ ನಾನು ಅಂದು ಪೂಜಿಸುತ್ತಿದ್ದುದು ಜಿನನನ್ನಲ್ಲ. ಎಂಟು ಮದಗಳಲ್ಲಿ ಪೂಜಾಮದವೂ ಒಂದು. ಜನರ ಮನ್ನಣೆಯಿಂದ ಉಬ್ಬುವ ಆ ಮದಕ್ಕೆ ನಾನು ದಿನಕ್ಕೆ ಹತ್ತು ಸಲ ನೈವೇದ್ಯವಿಡುತ್ತಿದ್ದೆ.

ಈ ಸಂದರ್ಭದಲ್ಲಿ ದೇಶವ್ರತವನ್ನು ನೆನೆಯಬೇಕು. ಉಮಾಸ್ವಾಮಿಗಳು ಗುಣವ್ರತಗಳಲ್ಲಿಯೂ ಸಮಂತಭದ್ರಾಚಾರ್ಯರು ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳಲ್ಲಿಯೂ ಇದನ್ನು ಎಣಿಸಿದ್ದಾರೆ. ನಿಯತಕಾಲದವರೆಗೆ ಈ ಮನೆ, ಈ ಬೀದಿ, ಈ ಊರು ಎಂದು ಎಲ್ಲೆ ಹಾಕಿಕೊಂಡು ಅದರಾಚೆಗಿನ ವ್ಯವಹಾರವನ್ನು ಬಿಡುವುದು ಈ ವ್ರತ. ಇದರ ಐದು ಅತಿಚಾರಗಳನ್ನು ಶಾಸ್ತ್ರವು ಹೆಸರಿಸುತ್ತದೆ: ಎಲ್ಲೆಯಾಚೆಯಿಂದ ವಸ್ತುವನ್ನು ತರಿಸಿಕೊಳ್ಳುವ ಆನಯನ, ಅಲ್ಲಿಗೆ ಬೇರೊಬ್ಬರನ್ನು ಕಳುಹಿಸುವ ಪ್ರೇಷ್ಯಪ್ರಯೋಗ, ಹೊರಗಿನವರಿಗೆ ದನಿ ಕೇಳಿಸುವ ಶಬ್ದಾನುಪಾತ, ತನ್ನ ರೂಪವನ್ನು ತೋರಿಸಿ ಸನ್ನೆ ಮಾಡುವ ರೂಪಾನುಪಾತ, ಕಲ್ಲು ಮೊದಲಾದವನ್ನೆಸೆದು ಗಮನ ಸೆಳೆಯುವ ಪುದ್ಗಲಕ್ಷೇಪ. ಎಷ್ಟೋ ಶತಮಾನಗಳ ಹಿಂದೆ ಬರೆದ ಈ ಪಟ್ಟಿಯನ್ನು ಓದುವಾಗ ಮೈ ನವಿರೇಳುತ್ತದೆ. ದೇಹ ಎಲ್ಲೆಯೊಳಗಿದ್ದರೆ ಸಾಲದು; ದನಿಯನ್ನೂ ರೂಪವನ್ನೂ ಹೊರಗೆ ಕಳುಹಿಸುತ್ತಿರುವವನು ಒಳಗಿಲ್ಲ ಎಂದು ಆಚಾರ್ಯರು ಅಂದೇ ಕಂಡುಕೊಂಡಿದ್ದರು. ಮೊಬೈಲು ಹಿಡಿದು ಬಸದಿಯಲ್ಲಿ ಕುಳಿತವನು ಬಸದಿಯಲ್ಲಿಲ್ಲ. ಅವನ ದೇಹ ಮಾತ್ರ ಅಲ್ಲಿದೆ.

ಮಕ್ಕಳ ವಿಚಾರಕ್ಕೆ ಬಂದರೆ, ಅಪಾಯ ಅವರಿಗೆ ಹೆಚ್ಚೆಂಬುದು ನಿಜ. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮೂಲದವರಾದ ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರ ಮೇ ತಿಂಗಳಲ್ಲಿ ಹೊರಡಿಸಿದ ಸಲಹಾಪತ್ರದಲ್ಲಿ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾಲ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಸಂಭವ ಇಮ್ಮಡಿಯೆಂದು ಎಚ್ಚರಿಸಿದರು. ಖಿನ್ನತೆಯಿಂದ ಬಳಕೆಯೋ ಬಳಕೆಯಿಂದ ಖಿನ್ನತೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಂದುವರಿದಿದೆ. ಆದರೆ ಎರಡೂ ಜೊತೆಗೂಡಿ ಕಾಣುತ್ತಿರುವಾಗ ತಂದೆತಾಯಂದಿರು ಕೈಕಟ್ಟಿ ಕುಳಿತುಕೊಳ್ಳಲಾಗದು. ಆಸ್ಟ್ರೇಲಿಯಾ ದೇಶವು 16 ವರ್ಷದೊಳಗಿನವರು ಈ ತಾಣಗಳಲ್ಲಿ ಖಾತೆ ಹೊಂದದಂತೆ 2024ರಲ್ಲಿ ಶಾಸನ ಮಾಡಿ 2025ರ ಡಿಸೆಂಬರ್‌ನಲ್ಲಿ ಜಾರಿಗೆ ತಂದಿತು. ಆದರೆ ಶಾಸನ ಪಾತ್ರೆಯನ್ನು ಕಸಿಯಬಲ್ಲದು, ದಾಹವನ್ನು ಕಸಿಯಲಾರದು. ನಮ್ಮ ದೇಶದಲ್ಲಿ 2020ರ ಜೂನ್ ತಿಂಗಳ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಕೆಲವೇ ದಿನಗಳಲ್ಲಿ, ಜುಲೈ ತಿಂಗಳಲ್ಲಿಯೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂದು ಆ ಜಾಗದಲ್ಲಿ ಕುಳಿತಿತು. ಅಳುವ ಕೂಸಿಗೆ ತುತ್ತು ತಿನ್ನಿಸಲು ಮೊಬೈಲು ಕೊಟ್ಟವರು ನಾವೇ. ಊಟದ ಮಣೆಯ ಮೇಲೆ ಅದನ್ನು ನೋಡುತ್ತ ಉಣ್ಣುವವರೂ ನಾವೇ. ಮಗು ಕಲಿಯುವುದು ನಮ್ಮ ಬೆರಳನ್ನು ನೋಡಿ, ಉಪದೇಶವನ್ನು ಕೇಳಿಯಲ್ಲ.

ಇನ್ನು ಮೂರನೆಯ ವಾದ, ಜನ ಬರುವುದಿಲ್ಲ ಎಂಬ ಭಯ. ಇದಕ್ಕೆ ಉತ್ತರ ಹೇಳಬೇಕಾದವರು ಆಡಳಿತ ಮಂಡಳಿಗಳವರೇ. ಅವರಲ್ಲಿ ನಾನೂ ಒಬ್ಬ. ರಾಜ್ಯದ ಮುಜರಾಯಿ ಇಲಾಖೆಯು 2023ರಲ್ಲಿ ತನ್ನ ವ್ಯಾಪ್ತಿಯ ದೇವಾಲಯಗಳೊಳಗೆ ಮೊಬೈಲ್ ಬಳಕೆಯನ್ನು ನಿಷೇಧಿಸಿ ಆದೇಶ ಹೊರಡಿಸಿತು. ಅದರಿಂದ ಭಕ್ತರು ದೇವಾಲಯಗಳನ್ನು ತೊರೆದದ್ದನ್ನು ನಾನಂತೂ ಕಾಣೆ. ವೀತರಾಗ ಮೂರ್ತಿಯ ಮುಂದೆ ಬೆನ್ನು ತಿರುಗಿಸಿ ನಿಂತು, ತನ್ನ ಮುಖವನ್ನು ಮುಂದೆ, ಬಾಹುಬಲಿ ಸ್ವಾಮಿಯನ್ನು ಹಿಂದೆ ಇಟ್ಟು ಚಿತ್ರ ತೆಗೆದುಕೊಳ್ಳುವ ದೃಶ್ಯ ನಮ್ಮ ಕ್ಷೇತ್ರಗಳಲ್ಲಿ ನಿತ್ಯದ್ದಾಗಿದೆ. ಎಲ್ಲವನ್ನೂ ತೊರೆದು ನಿಂತವನು ಅಲ್ಲಿ ಚಿತ್ರದ ಹಿನ್ನೆಲೆಯಾಗಿದ್ದಾನೆ. ಇದನ್ನು ತಡೆಯಬೇಕಾದ ನಾವೇ ಹೆಚ್ಚು ವೀಕ್ಷಕರು ಸಿಕ್ಕಲಿ ಎಂದು ಅಭಿಷೇಕದ ನೇರಪ್ರಸಾರಕ್ಕೆ ದೀಪಗಳನ್ನು ಜೋಡಿಸುತ್ತೇವೆ. ಪ್ರಸಾರ ಸರಿಯಾಗಿ ಬರಲಿ ಎಂದು ಮಂತ್ರ ಹೇಳುವ ಪುರೋಹಿತರನ್ನು ನಿಲ್ಲಿಸುತ್ತೇವೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಪೂಜೆಯ ವೇಳೆ, ಮುನಿಸಂಘದ ಆಗಮನ, ಮರಣದ ವಾರ್ತೆ, ಸಭೆಯ ಸೂಚನೆ ಎಲ್ಲವನ್ನೂ ಈಗ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ತಿಳಿಸುವ ರೂಢಿ ಬೆಳೆದಿದೆ. ಸೂಚನಾಫಲಕದಲ್ಲಿ ಹಳೆಯ ಕಾಗದಗಳು ಹಳದಿಯಾಗುತ್ತಿವೆ. ನಮ್ಮ ಊರಿನ ವೃದ್ಧ ಶ್ರಾವಿಕೆಯೊಬ್ಬರು ತಮ್ಮ ಮನಸ್ಸಿನ ನೆಮ್ಮದಿಗಾಗಿ ಮೊಬೈಲನ್ನು ಸಂಪೂರ್ಣ ತ್ಯಜಿಸಿದರು. ಪರಿಣಾಮವಾಗಿ ತ್ಯಾಗಿಗಳು ಊರಿಗೆ ಬಂದು ಆಹಾರ ಸ್ವೀಕರಿಸಿ ವಿಹಾರ ಮಾಡಿದ ಸಂಗತಿ ಅವರಿಗೆ ತಿಳಿದದ್ದು ಮೂರು ದಿನಗಳ ಮೇಲೆ. ಆಹಾರದಾನಕ್ಕಾಗಿ ಜೀವಮಾನವಿಡೀ ಕಾದ ಆ ತಾಯಿ ಕಣ್ಣೀರಿಟ್ಟರು. ಮದ್ಯ ಬಿಟ್ಟವನನ್ನು ಸಮಾಜ ಗೌರವಿಸುತ್ತದೆ. ಮೊಬೈಲು ಬಿಟ್ಟವರನ್ನು ಸಮಾಜದಿಂದಲೇ ಹೊರಗಿಡುವ ವ್ಯವಸ್ಥೆಯನ್ನು ನಾವು ಕಟ್ಟಿದ್ದೇವೆ. ಬಿಡಬೇಕೆಂದವನಿಗೂ ಬಿಡಲಾಗದಂತೆ ಮಾಡುವುದು ವ್ಯಸನಕ್ಕೆ ಒತ್ತಾಸೆ ಕೊಡುವುದಲ್ಲದೆ ಮತ್ತೇನು? ಈ ಪಾಪದಲ್ಲಿ ಆಡಳಿತ ಮಂಡಳಿಗಳು ಪಾಲುದಾರರು.

ಹಾಗಾದರೆ ಮಾಡಬೇಕಾದುದೇನು? ಸಮಂತಭದ್ರಾಚಾರ್ಯರು ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ತ್ಯಾಗದಲ್ಲಿ ಎರಡು ಬಗೆ ಮಾಡಿದ್ದಾರೆ: ಜೀವನಪರ್ಯಂತದ ತ್ಯಾಗ ಯಮ, ನಿಯತಕಾಲದ ತ್ಯಾಗ ನಿಯಮ. ಎಲ್ಲರಿಂದಲೂ ಯಮವನ್ನು ನಿರೀಕ್ಷಿಸುವುದು ಅವಿವೇಕ. ನಿಯಮವಾದರೋ ಎಲ್ಲರಿಗೂ ಸಾಧ್ಯ. ಇದು ಬರಿಯ ಆದರ್ಶವಲ್ಲ. 2022ರ ಪರ್ಯುಷಣದಲ್ಲಿ ಮಧ್ಯಪ್ರದೇಶದ ರಾಯಸೇನ ಜಿಲ್ಲೆಯ ಬೇಗಂಗಂಜ್‌ನ ಜೈನ ಬಂಧುಗಳು ಒಂದು ದಿನದ ಮಟ್ಟಿಗೆ ಮೊಬೈಲು ಮತ್ತು ಅಂತರ್ಜಾಲವನ್ನು ತ್ಯಜಿಸುವ ಉಪವಾಸವನ್ನು ಆಚರಿಸಿದರು. ಅದೇ ವರ್ಷ ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಗ್ರಾಮವು ಪ್ರತಿದಿನ ಸಂಜೆ 7 ಗಂಟೆಗೆ ಮಂದಿರದಿಂದ ಸೈರನ್ ಮೊಳಗಿಸಿ, ಒಂದೂವರೆ ಗಂಟೆ ದೂರದರ್ಶನ, ಮೊಬೈಲುಗಳನ್ನು ಆರಿಸಿಟ್ಟು ಮಕ್ಕಳ ಓದಿಗೆ, ಮನೆಯವರ ಮಾತುಕತೆಗೆ ಅವಕಾಶ ಮಾಡಿಕೊಟ್ಟಿತು. ವ್ರತದ ಪರಂಪರೆಯೇ ಇಲ್ಲದವರು ಊರಿಗೆ ಊರೇ ನಿಯಮ ಹಿಡಿಯಬಲ್ಲರಾದರೆ, ವ್ರತಗಳ ನಡುವೆ ಹುಟ್ಟಿ ಬೆಳೆದ ನಮಗೇಕೆ ಆಗದು?

ಆದುದರಿಂದ ನನ್ನ ವಿನಂತಿ ನಾಲ್ಕು. ಪ್ರತಿ ಬಸದಿಯ ಪಡಸಾಲೆಯಲ್ಲಿ ಬೀಗವಿರುವ ಒಂದು ಪೆಟ್ಟಿಗೆಯಿರಲಿ. ಅಭಿಷೇಕ, ಪ್ರವಚನ, ಸಾಮಾಯಿಕದ ಹೊತ್ತಿಗೆ ಮೊಬೈಲುಗಳು ಅದರಲ್ಲಿರಲಿ, ಮೊದಲು ಇಡುವವರು ಆಡಳಿತ ಮಂಡಳಿಯ ಸದಸ್ಯರಾಗಿರಲಿ. ಪ್ರತಿಯೊಂದು ಸೂಚನೆಯೂ ಫಲಕದ ಮೇಲೆ ಬರಲಿ, ಮೊಬೈಲಿಲ್ಲದ ಮನೆಗಳಿಗೆ ಆಳಿನ ಮೂಲಕ ತಲುಪಲಿ. ಮನೆಗಳಲ್ಲಿ ಸೂರ್ಯಾಸ್ತದ ಊಟವಾದ ಮೇಲೆ ಮರುದಿನದ ದೇವದರ್ಶನದವರೆಗೆ ಜಾಲತಾಣಗಳನ್ನು ತೆರೆಯದ ನಿಯಮವನ್ನು ಕನಿಷ್ಠ ಅಷ್ಟಮಿ, ಚತುರ್ದಶಿಗಳಂದು ಹಿಡಿಯಲಿ. ಕ್ಷಮಾವಾಣಿಯ ದಿನ ಚಿತ್ರ ಕಳುಹಿಸುವುದನ್ನು ಬಿಟ್ಟು ಒಂದೇ ಒಂದು ಮನೆಗಾದರೂ ಕಾಲ್ನಡಿಗೆಯಲ್ಲಿ ಹೋಗಿ ಬರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಕೆಲವರಲ್ಲಿ, ವಿಶೇಷವಾಗಿ ಎಳೆಯರಲ್ಲಿ, ಇದು ನಿಯಮದಿಂದ ಬಗೆಹರಿಯುವ ಹಂತವನ್ನು ದಾಟಿರುತ್ತದೆ. ನಿದ್ರೆ ಕೆಟ್ಟಿರುತ್ತದೆ, ಓದು ನಿಂತಿರುತ್ತದೆ, ಮೊಬೈಲು ಕಿತ್ತುಕೊಂಡರೆ ಕ್ರೋಧವೋ ವಿಷಾದವೋ ಮಿತಿಮೀರುತ್ತದೆ. ಅಂಥವರನ್ನು ಹತ್ತು ಜನರ ಮುಂದೆ ಹಳಿಯುವುದೂ ಬಲವಂತದಿಂದ ವ್ರತ ಹಿಡಿಸುವುದೂ ಹಿಂಸೆಯೇ. ಜ್ವರ ಬಂದವನನ್ನು ವೈದ್ಯರಲ್ಲಿಗೆ ಕರೆದೊಯ್ಯುವಂತೆ ಅವರನ್ನೂ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಅದರಲ್ಲಿ ಕುಟುಂಬದ ಮಾನಹಾನಿ ಏನೂ ಇಲ್ಲ. ಸ್ಥಿತೀಕರಣವು ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದು. ಜಾರಿದವನನ್ನು ಕೈಹಿಡಿದು ನಿಲ್ಲಿಸುವುದೇ ಅದರ ಅರ್ಥ.

ಬರುವ ದಶಲಕ್ಷಣ ಪರ್ವಕ್ಕೆ ಮುನ್ನ ಅದೇ ಠರಾವನ್ನು ನಾನು ಮತ್ತೆ ಮಂಡಿಸುವವನಿದ್ದೇನೆ. ಅದು ಮತ್ತೆ ಬೀಳಬಹುದು. ಆದರೆ ನನ್ನ ಮನೆಯ ಠರಾವು ಈಗಾಗಲೇ ಅಂಗೀಕಾರವಾಗಿದೆ. ಸಾಮಾಯಿಕದ ಹೊತ್ತಿಗೆ ಮೊಬೈಲು ಅಡುಗೆಮನೆಯ ನಾಗಂದಿಗೆಯ ಮೇಲಿರುತ್ತದೆ. ಅದನ್ನು ಅಲ್ಲಿಗೆ ಏರಿಸುವ ಅಧಿಕಾರ ಮೊಮ್ಮಗಳದು. ಮೊದಲ ವಾರ ನನ್ನ ಕೈ ಬರಿಯ ಮಣೆಯನ್ನು ತಡವುತ್ತಿತ್ತು. ಈಗ ತಡವುವುದು ಕಡಿಮೆಯಾಗಿದೆ. ನಿಂತಿದೆ ಎಂದು ಹೇಳಿದರೆ ಸತ್ಯವ್ರತಕ್ಕೆ ಭಂಗವಾದೀತು.